ಕುರುಡು ಚಿತ್ತೆಗೆ ಶನಿವಾರ ತಿಳಿಯದು

ಅಕ್ಟೋಬರ್ ತಿಂಗಳ ಯಾವುದಾದರೊಂದು ಶುಕ್ರವಾರ ರಾತ್ರಿ ಹತ್ತು ಗಂಟೆಯ ಮೇಲೆ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಹೋಗಿ ನಿಂತರೆ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡ, ಕಚೇರಿಯ ಗುರುತಿನ ಚೀಟಿಯನ್ನು ಇನ್ನೂ ಕೊರಳಿನಿಂದ ತೆಗೆಯದ ಯುವಕ ಯುವತಿಯರು ಕುಕ್ಕೆ ಸುಬ್ರಹ್ಮಣ್ಯದ ಕಡೆಗೋ ಚಿಕ್ಕಮಗಳೂರಿನ ಕಡೆಗೋ ಹೊರಡುವ ಬಸ್ಸಿಗಾಗಿ ಗುಂಪುಗುಂಪಾಗಿ ಕಾಯುತ್ತಿರುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲು, ಅದರಲ್ಲಿ ನಾಳಿನ ಹವಾಮಾನ. ಮೋಡದ ಹಿಂದಿನಿಂದ ಅರ್ಧ ಇಣುಕುವ ಸೂರ್ಯನ ಚಿತ್ರ, ಅದರ ಕೆಳಗೆ ಶೇ 60 ಮಳೆಯ ಸಾಧ್ಯತೆ ಎಂಬ ಸಾಲು. 'ಹಾಗಾದರೆ ಶೇ 40ರಷ್ಟು ಮಳೆ ಇಲ್ಲ ಎಂದಾಯಿತಲ್ಲ' ಎಂದು ಒಬ್ಬ ಹೇಳುತ್ತಾನೆ. ಉಳಿದವರು ನಗುತ್ತಾರೆ. ಬಸ್ಸು ಬರುತ್ತದೆ, ಹತ್ತುತ್ತಾರೆ.

ಈ ಗುಂಪಿನಲ್ಲಿ ನಾನೂ ಹಲವು ಬಾರಿ ನಿಂತಿದ್ದೇನೆ, ಆ ನಗುವಿನಲ್ಲಿ ಪಾಲ್ಗೊಂಡಿದ್ದೇನೆ. ಆದ್ದರಿಂದ ಮುಂದೆ ಬರೆಯುವುದನ್ನು ಯಾರೂ ಮನೆಯಲ್ಲಿ ಕುಳಿತವರ ಉಪದೇಶ ಎಂದು ಭಾವಿಸಬೇಕಿಲ್ಲ. ಶುಕ್ರವಾರ ರಾತ್ರಿ ಮುನ್ಸೂಚನೆಯನ್ನು ನೋಡುವುದು ಬಹುಮಟ್ಟಿಗೆ ಶಾಸ್ತ್ರಕ್ಕೆ ಮಾತ್ರ. ಹೋಗಬೇಕೆಂಬ ನಿರ್ಧಾರ ಮೂರು ವಾರದ ಹಿಂದೆಯೇ ಆಗಿದೆ; ಬಸ್ ಟಿಕೆಟ್ ಕಾದಿರಿಸಿದ ದಿನ, ಅರಣ್ಯ ಇಲಾಖೆಗೆ ಹಣ ಕಟ್ಟಿದ ದಿನ, ಎಂಟು ಜನರ ಬಿಡುವು ಹೊಂದಿಸಲು ಎಪ್ಪತ್ತು ಸಂದೇಶಗಳು ಹರಿದಾಡಿದ ದಿನ. ಅದು ಕ್ಯಾಲೆಂಡರ್ ನೋಡಿ ಮಾಡಿದ ನಿರ್ಧಾರ. ಆಕಾಶದ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ನಮ್ಮ ಪಶ್ಚಿಮ ಘಟ್ಟದ ಶಿಖರಗಳಲ್ಲಿ ಚಾರಣಿಗನಿಗೆ ಎದುರಾಗುವ ಅಪಾಯಗಳ ಮೂಲ ಬಂಡೆಯಲ್ಲೋ ಮಳೆಯಲ್ಲೋ ಇರುವುದಕ್ಕಿಂತ ಹೆಚ್ಚಾಗಿ ಈ 'ವಾರಾಂತ್ಯ'ದಲ್ಲಿದೆ ಎಂಬುದು ನನ್ನ ಅನಿಸಿಕೆ.

ಉದಾಹರಣೆಗೆ ಕುಮಾರ ಪರ್ವತವನ್ನೇ ತೆಗೆದುಕೊಳ್ಳೋಣ. 1712 ಮೀಟರ್ ಎತ್ತರ. ಎತ್ತರದ ಲೆಕ್ಕದಲ್ಲಿ ಇದು ರಾಜ್ಯದ ಮೊದಲ ಶಿಖರವಲ್ಲ; 1930 ಮೀಟರಿನ ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರದ್ದು. ಆದರೆ ಮುಳ್ಳಯ್ಯನಗಿರಿಯ ನೆತ್ತಿಯ ಸಮೀಪದವರೆಗೂ ವಾಹನ ಹೋಗುತ್ತದೆ. ಕುಮಾರ ಪರ್ವತದಲ್ಲಿ ಆ ಸೌಲಭ್ಯವಿಲ್ಲ. ಕುಕ್ಕೆಯ ತಪ್ಪಲಿನಿಂದ ತುದಿಯವರೆಗೆ ಸುಮಾರು 13 ಕಿಲೋಮೀಟರ್ ನಡಿಗೆ, ಒಂದೂವರೆ ಸಾವಿರ ಮೀಟರ್‌ಗಿಂತ ಹೆಚ್ಚಿನ ಏರು. ಮೊದಲು ಬೇರುಗಳು ಹೆಣೆದುಕೊಂಡ ದಟ್ಟ ಕಾಡು, ಗಿರಿಗದ್ದೆ ದಾಟಿದ ಮೇಲೆ ನೆರಳಿಲ್ಲದ ಹುಲ್ಲುಗಾವಲು, ಕಲ್ಲು ಮಂಟಪ, ಅದರಾಚೆ ಶೇಷ ಪರ್ವತದ ಏಣು, ಮತ್ತೆ ಒಂದು ತುಣುಕು ಕಾಡು, ಕೊನೆಗೆ ನೀರು ಇಳಿಯುವ ಜಾರುಬಂಡೆ. ಬಂಡೆಯ ಮೇಲೆ ಶಿಖರ.

ಬೆಟ್ಟದ ನಡಿಗೆಗೆ ಬೇಕಾಗುವ ವೇಳೆಯನ್ನು ಅಂದಾಜು ಮಾಡಲು ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬಾತ 1892ರಲ್ಲಿ ಒಂದು ಸೂತ್ರ ಹೇಳಿದ್ದ. ಇಂದಿನ ಅಳತೆಯಲ್ಲಿ ಹೇಳುವುದಾದರೆ ಐದು ಕಿಲೋಮೀಟರ್‌ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಈ ಲೆಕ್ಕದಂತೆ ಕುಕ್ಕೆಯಿಂದ ತುದಿಗೆ ಐದೂಕಾಲು ಗಂಟೆ ಬೇಕು. ಇದು ಬೆಟ್ಟ ನಡೆದು ಪಳಗಿದವನು, ತಂಪು ಹವೆಯಲ್ಲಿ, ಎಲ್ಲಿಯೂ ಕೂರದೆ ನಡೆದರೆ ಆಗುವ ಲೆಕ್ಕ. ವಾರವಿಡೀ ಕುರ್ಚಿಯಲ್ಲಿ ಕುಳಿತು, ಹಿಂದಿನ ರಾತ್ರಿ ಘಟ್ಟದ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಬಡಿಸಿಕೊಳ್ಳುತ್ತ ಬಂದ ಬೆಂಗಳೂರಿನ ಜೀವಕ್ಕೆ ಏಳು ಗಂಟೆ ಎಂದು ಇಟ್ಟುಕೊಳ್ಳುವುದು ವಾಸಿ. ಬೆಳಗ್ಗೆ ಏಳಕ್ಕೆ ಹೊರಟರೆ ತುದಿ ಮುಟ್ಟುವಾಗ ಮಧ್ಯಾಹ್ನ ಎರಡು. ಇಳಿಯಲು ಮೊಣಕಾಲು ಹಿಡಿದುಕೊಂಡು ನಾಲ್ಕೈದು ಗಂಟೆ. ಅಕ್ಟೋಬರಿನಲ್ಲಿ ಆರೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಎಲ್ಲವೂ ಸರಿಯಾಗಿ ನಡೆದರೂ ದಿನದ ಕೊನೆಯಲ್ಲಿ ಕೈಯಲ್ಲಿ ಉಳಿಯುವ ಹೆಚ್ಚುವರಿ ಸಮಯ ಏನೂ ಇಲ್ಲ. ಒಬ್ಬನ ಚಪ್ಪೆ ಹಿಡಿದುಕೊಂಡರೆ, ಒಬ್ಬಳ ಬೂಟಿನ ಅಟ್ಟೆ ಕಿತ್ತುಬಂದರೆ ಮುಗಿಯಿತು.

ಈಗ ಇದೇ ಲೆಕ್ಕದ ಪಕ್ಕದಲ್ಲಿ ಆಕಾಶದ ಲೆಕ್ಕವನ್ನು ಇಟ್ಟು ನೋಡಬೇಕು. ಜೂನ್, ಜುಲೈ ತಿಂಗಳುಗಳ ಮಳೆ ಒಂದು ರೀತಿಯಲ್ಲಿ ಪ್ರಾಮಾಣಿಕ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟದ ಗೋಡೆಗೆ ತಾಗಿ ಮೇಲೇರುತ್ತದೆ, ತಣಿಯುತ್ತದೆ, ಸುರಿಯುತ್ತದೆ. ಹಗಲು ರಾತ್ರಿ ಬಿಡದೆ ಸುರಿಯುವುದರಿಂದ ಅದರ ಬಗ್ಗೆ ಯಾರಿಗೂ ಭ್ರಮೆಯಿಲ್ಲ. ಆ ದಿನಗಳಲ್ಲಿ ಚಾರಣಕ್ಕೆ ಅನುಮತಿಯೂ ಇರುವುದಿಲ್ಲ. ಅಕ್ಟೋಬರಿನ ಸ್ವಭಾವ ಬೇರೆ. ನೈರುತ್ಯ ಮಾರುತ ಹಿಂದೆ ಸರಿಯುವ, ಈಶಾನ್ಯ ಮಾರುತ ಇನ್ನೂ ನೆಲೆಯೂರದ ಈ ಅವಧಿಯಲ್ಲಿ ಬೆಳಗು ತೊಳೆದಿಟ್ಟಂತೆ ನಿರ್ಮಲವಾಗಿರುತ್ತದೆ. ಹಸಿ ನೆಲಕ್ಕೆ ಬಿಸಿಲು ಬೀಳುತ್ತದೆ, ಕಾದ ಗಾಳಿ ಆವಿಯನ್ನು ಹೊತ್ತು ಇಳಿಜಾರಿನಗುಂಟ ಮೇಲೇಳುತ್ತದೆ, ನಡುಹಗಲಿನ ಹೊತ್ತಿಗೆ ಬೆಟ್ಟದ ನೆತ್ತಿಯ ಮೇಲೆ ಹೂಕೋಸಿನಂತೆ ಮೋಡ ಬಿರಿಯುತ್ತದೆ. ಗುಡುಗು ಮಿಂಚು ಬರುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಅಂದರೆ ಶುಕ್ರವಾರ ರಾತ್ರಿಯ ಬಸ್ಸಿನಲ್ಲಿ ಬಂದವನು ಶಿಖರ ತಲುಪುವ ಗಳಿಗೆಗೂ ಸಿಡಿಲು ಶಿಖರ ತಲುಪುವ ಗಳಿಗೆಗೂ ಹೆಚ್ಚು ವ್ಯತ್ಯಾಸವಿಲ್ಲ.

ನಮ್ಮ ರೈತರು ಅಕ್ಟೋಬರ್ 10ರ ಆಸುಪಾಸಿನಲ್ಲಿ ಹುಟ್ಟುವ ಚಿತ್ತೆ ಮಳೆಯನ್ನು 'ಕುರುಡು ಚಿತ್ತೆ' ಎಂದು ಕರೆಯುತ್ತಾರೆ. ಎಲ್ಲಿ ಬೀಳುತ್ತದೆ, ಎಲ್ಲಿ ಬಿಡುತ್ತದೆ ಎಂದು ಹೇಳಲಾಗದ ಮಳೆ. ಈ ಬದುವಿನ ಹೊಲ ನೆನೆದರೆ ಆಚೆ ಬದುವಿನದು ಒಣಗಿರುತ್ತದೆ. ಅನಿಶ್ಚಿತತೆಯನ್ನು ಒಂದೇ ವಿಶೇಷಣದಲ್ಲಿ ಹಿಡಿದಿಟ್ಟ ಈ ಮಾತಿನಲ್ಲಿ ಬಹಳ ಅನುಭವವಿದೆ. ಆಧುನಿಕ ಹವಾಮಾನ ವಿಜ್ಞಾನವೂ ತನ್ನ ಭಾಷೆಯಲ್ಲಿ ಇದನ್ನೇ ಹೇಳುತ್ತದೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ 'ಭಾರತ್ ಫೋರ್‌ಕಾಸ್ಟ್ ಸಿಸ್ಟಂ' ಎಂಬ ನಮ್ಮ ದೇಶದ್ದೇ ಮಾದರಿ ಭೂಮಿಯನ್ನು ಆರು ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತದೆ. ಅದಕ್ಕೂ ಮೊದಲು ಆ ಚೌಕ ಹನ್ನೆರಡು ಕಿಲೋಮೀಟರಿನದಾಗಿತ್ತು. ಇದು ದೊಡ್ಡ ಮುನ್ನಡೆ, ಸಂದೇಹವಿಲ್ಲ. ಆದರೆ ಘಟ್ಟದಲ್ಲಿ ಆರು ಕಿಲೋಮೀಟರ್ ಎಂದರೆ ಒಂದು ಅಡಿಕೆ ತೋಟದಿಂದ ಒಂದು ಶಿಖರದವರೆಗೆ. ಆ ಚೌಕದೊಳಗೆ ಎಷ್ಟು ಕಣಿವೆ, ಎಷ್ಟು ಏಣು! ಮೊಬೈಲಿನಲ್ಲಿ ಕಂಡ ಶೇ 60 ಎಂಬ ಸಂಖ್ಯೆ ಹೆಚ್ಚಿನ ಸಲ ಕೆಳಗಿನ ಊರಿಗೆ ಸಂಬಂಧಿಸಿದ್ದು, ತುದಿಗೆ ಸಂಬಂಧಿಸಿದ್ದಲ್ಲ. ಅದರ ಅರ್ಥವೂ ಬಸ್ ನಿಲ್ದಾಣದ ಗೆಳೆಯ ತಿಳಿದಂತೆ ಅಷ್ಟು ಸಲೀಸಲ್ಲ. ಇಂಥದೇ ಮುನ್ಸೂಚನೆ ಇರುವ ಹತ್ತು ದಿನಗಳಲ್ಲಿ ಆರು ದಿನ ಮಳೆ ಬಂದೀತು ಎಂದಷ್ಟೇ ಅದು ಹೇಳುತ್ತದೆ. ಎಷ್ಟು ಹೊತ್ತಿಗೆ, ಎಷ್ಟು ಜೋರಾಗಿ, ಸಿಡಿಲಿನೊಂದಿಗೋ ಇಲ್ಲದೆಯೋ ಎಂಬುದನ್ನಲ್ಲ.

ಇದಕ್ಕೆ ಆಡಳಿತದ ಭೂಪಟವೂ ತನ್ನ ಪಾಲಿನ ಗೊಂದಲ ಸೇರಿಸುತ್ತದೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಜಿಲ್ಲಾವಾರು ಪ್ರಕಟವಾಗುತ್ತವೆ. ಕುಕ್ಕೆಯಿಂದ ಹೊರಟವನು ದಕ್ಷಿಣ ಕನ್ನಡದಲ್ಲಿ ಮೊದಲ ಹೆಜ್ಜೆ ಇಟ್ಟು, ಪುಷ್ಪಗಿರಿ ವನ್ಯಧಾಮವನ್ನು ಹೊಕ್ಕು ಕೊಡಗಿನಲ್ಲಿ ಶಿಖರ ಮುಟ್ಟುತ್ತಾನೆ. ಹಾಸನದ ಗಡಿಯೂ ದೂರವಿಲ್ಲ. ಯಾವ ಜಿಲ್ಲೆಯ ಬಣ್ಣವನ್ನು ಅವನು ನೋಡಬೇಕು?

ಮಳೆ ಎಂದರೆ ನೆನೆಯುವುದು, ನೆನೆದರೇನು ಕರಗುತ್ತೇವೆಯೇ ಎಂಬ ಮಾತು ಚಾರಣಿಗರಲ್ಲಿ ಸಾಮಾನ್ಯ. ನೆನೆಯುವುದರಲ್ಲಿಯೂ ವಿಷಯವಿದೆ. ಪ್ರತಿ ಸಾವಿರ ಮೀಟರ್ ಏರಿದಂತೆ ತಾಪಮಾನ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಕುಕ್ಕೆಯಲ್ಲಿ 26 ಡಿಗ್ರಿ ಇದ್ದಾಗ ತುದಿಯಲ್ಲಿ 16. ಬೆವರಿನಿಂದಲೂ ಮಳೆಯಿಂದಲೂ ಒದ್ದೆಯಾದ ಹತ್ತಿಯ ಅಂಗಿ, ಹುಲ್ಲುಗಾವಲಿನ ಏಣಿನ ಮೇಲೆ ತಡೆಯಿಲ್ಲದೆ ಬೀಸುವ ಗಾಳಿ, ಖಾಲಿ ಹೊಟ್ಟೆ ಇವು ಸೇರಿದರೆ ದೇಹದ ಶಾಖ ಅಪಾಯದ ಮಟ್ಟಕ್ಕೆ ಕುಸಿಯಲು ಹಿಮ ಬೀಳಬೇಕಾಗಿಲ್ಲ. ಮೊದಲು ನಡುಕ, ಆಮೇಲೆ ಮಾತು ತೊದಲುವುದು, ಆಮೇಲೆ ಎಲ್ಲಕ್ಕಿಂತ ಕೆಟ್ಟದ್ದು: 'ನನಗೇನೂ ಆಗಿಲ್ಲ' ಎನ್ನುವುದು. ಇನ್ನು ಸಿಡಿಲು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2887 ಮಂದಿ. ಬಯಲಿನಲ್ಲಿ ದುಡಿಯುವ ರೈತ, ಕೂಲಿ ಕಾರ್ಮಿಕರೇ ಸಿಡಿಲಿಗೆ ಹೆಚ್ಚಾಗಿ ಈಡಾಗುವವರು, ಅವರಿಗೆ ಬೇರೆ ದಾರಿಯಿಲ್ಲ. ನಾವು ಹಣ ಕೊಟ್ಟು ಅಂಥ ಬಯಲಿಗೆ ಹೋಗುತ್ತೇವೆ. ಮಿಂಚು ಕಂಡ ಮೇಲೆ ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ, ಕೂಡಲೇ ಆಶ್ರಯ ಸೇರಬೇಕು ಎನ್ನುತ್ತಾರೆ ತಜ್ಞರು. ಶೇಷ ಪರ್ವತದ ಮೇಲೆ ಆಶ್ರಯ ಎಲ್ಲಿದೆ? ನಾಲ್ಕೂ ಕಡೆ ತೆರೆದ ಕಲ್ಲು ಮಂಟಪ ಮಳೆಯಿಂದ ತಕ್ಕಮಟ್ಟಿಗೆ ಕಾಪಾಡೀತು, ಸಿಡಿಲಿನಿಂದ ಅಲ್ಲ. ಅಲ್ಲಿ ಮಾಡಬಹುದಾದದ್ದು ಒಂದೇ, ಗುಡುಗುವ ಮೊದಲು ಕೆಳಗೆ ಇರುವುದು.

ಕೆಲವು ವರ್ಷಗಳ ಹಿಂದೆ ಚಿತ್ತೆ ಮಳೆಯ ಒಂದು ಶನಿವಾರ ನಾವು ಮೂವರು ಗೆಳೆಯರು ಈ ಬೆಟ್ಟ ಹತ್ತುತ್ತಿದ್ದೆವು. ಅರಣ್ಯ ಇಲಾಖೆಯ ಠಾಣೆಯಲ್ಲಿ ನಮ್ಮ ಚೀಲ ತೆಗೆಸಿ ಪ್ಲಾಸ್ಟಿಕ್ ಬಾಟಲಿ ಎಣಿಸಿದ ಕಾವಲುಗಾರರು ರಿಜಿಸ್ಟರಿನಲ್ಲಿ ಹೆಸರು ಬರೆಸಿಕೊಂಡು, 'ಇವತ್ತು ಮಧ್ಯಾಹ್ನ ಮೇಲೆ ಗುಡುಗು ಉಂಟು ಮಾರಾಯ್ರೆ, ಮಂಟಪದಿಂದ ಮೇಲೆ ಹೋಗುವುದು ಬೇಡ' ಎಂದರು. ಅದು ಆಜ್ಞೆಯಲ್ಲ, ಸಲಹೆ. ತಡೆಯುವ ಅಧಿಕಾರ ಅವರಿಗೆ ಇತ್ತೋ ಇಲ್ಲವೋ, ಇದ್ದರೂ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಜನರ ಎದುರು ಅದನ್ನು ಚಲಾಯಿಸುವುದು ಸುಲಭವಲ್ಲ. ಆಕಾಶ ಆಗ ನೀಲಿಯಾಗಿತ್ತು. ನಾವು ತಲೆಯಾಡಿಸಿ ಮುಂದೆ ನಡೆದೆವು.

ಕಲ್ಲು ಮಂಟಪ ತಲುಪಿದಾಗ ಹನ್ನೆರಡೂಕಾಲು. ಪಶ್ಚಿಮದ ಕಡೆಯಿಂದ ಕಣಿವೆಯೊಳಗೆ ಬೂದು ಬಣ್ಣ ತುಂಬುತ್ತ ಬರುತ್ತಿತ್ತು. ನಮ್ಮಲ್ಲಿ ಒಬ್ಬ ಹಿಂತಿರುಗೋಣ ಎಂದ. ಬೇಡವೆಂದು ಬಲವಾಗಿ ವಾದಿಸಿದವನು ನಾನೇ. ಇಷ್ಟು ದೂರ ಬಂದು, ಇನ್ನು ಎರಡು ಗಂಟೆಯ ದಾರಿ ಬಿಟ್ಟು, ಮತ್ತೆ ಮೂವರ ಬಿಡುವು ಒಂದಾಗುವುದು ಯಾವಾಗ, ಇತ್ಯಾದಿ. ಈಗ ಯೋಚಿಸಿದರೆ ನನ್ನ ಒಂದು ವಾದದಲ್ಲಿಯೂ ಮೋಡದ ಪ್ರಸ್ತಾಪವಿರಲಿಲ್ಲ. ಎಲ್ಲವೂ ಖರ್ಚಾದ ಹಣ, ಕಳೆದ ಹೊತ್ತು, ಸಿಗದ ರಜೆಯ ಮಾತು. ನಾವು ಜಗಳವಾಡುತ್ತಿದ್ದಾಗ ಎಂಟು ಜನರ ಒಂದು ತಂಡ ನಮ್ಮನ್ನು ದಾಟಿ ಮೇಲೆ ಹೋಯಿತು. ವಾರಾಂತ್ಯದ ಚಾರಣ ಏರ್ಪಡಿಸುವವರ ಕಡೆಯಿಂದ ಬಂದವರು. ಮುಂದಾಳಿಗೆ ಇಪ್ಪತ್ತನಾಲ್ಕು ದಾಟಿರಲಿಲ್ಲ. 'ಮೋಡದೊಳಗೆ ನಡೆಯುವುದೇ ಮಜಾ ಅಲ್ವಾ ಸಾರ್' ಎಂದ. ಕೊನೆಗೆ ಗೆಳೆಯ ಮಾತು ನಿಲ್ಲಿಸಿ ಕೆಳಗೆ ನಡೆಯತೊಡಗಿದ. ಮುನಿಸಿಕೊಂಡೇ ನಾವಿಬ್ಬರೂ ಹಿಂಬಾಲಿಸಿದೆವು. ಗಿರಿಗದ್ದೆಯಲ್ಲಿ ಸೂರಿನ ಕೆಳಗೆ ಕುಳಿತಾಗ ಎರಡೂವರೆ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದೆ: ಹನ್ನೊಂದು, ಏಳು, ಐದು.

ಆ ಎಂಟು ಜನರಿಗೆ ಏನಾಯಿತು? ಏನೂ ಆಗಲಿಲ್ಲ. ರಾತ್ರಿ ಎಂಟೂವರೆಗೆ ಕುಕ್ಕೆಯ ಹೋಟೆಲೊಂದರಲ್ಲಿ ಅವರು ಮತ್ತೆ ಸಿಕ್ಕರು. ತಲೆಯಿಂದ ಕಾಲಿನವರೆಗೆ ಒದ್ದೆ, ಕಾಲಿನ ತುಂಬ ಉಂಬಳ ಕಚ್ಚಿದ ರಕ್ತ, ಮುಖದ ತುಂಬ ನಗು. ಮೊಬೈಲಿನಲ್ಲಿ ಶಿಖರದ ಚಿತ್ರ ತೋರಿಸಿದರು, ಬರಿಯ ಬಿಳಿ ಮಂಜು. ಒಬ್ಬ ಹುಡುಗಿ ಮಾತ್ರ ಮೂಲೆಯಲ್ಲಿ ಕುಳಿತಿದ್ದಳು. ಕಾಫಿ ಲೋಟ ಹಿಡಿದುಕೊಳ್ಳಲು ಆಕೆಯ ಕೈಗೆ ಆಗುತ್ತಿರಲಿಲ್ಲ, ಇನ್ನೊಬ್ಬಳು ಲೋಟವನ್ನು ಅವಳ ತುಟಿಗೆ ಹಿಡಿದಿದ್ದಳು. 'ಏನೂ ಆಗಲಿಲ್ಲ ನೋಡಿ ಸಾರ್' ಎಂದ ಮುಂದಾಳು.

ನನ್ನನ್ನು ಇಂದಿಗೂ ಕಾಡುವುದು ಆ ಮಾತು. ಅದು ಸುಳ್ಳಲ್ಲ. ಗುಡುಗುವ ಬೆಟ್ಟಕ್ಕೆ ಹೋದ ಬಹುಪಾಲು ಜನ ಕ್ಷೇಮವಾಗಿಯೇ ಮರಳುತ್ತಾರೆ. ತಪ್ಪು ಮಾಡಿದವನಿಗೆ ಪ್ರತಿ ಸಲವೂ ಪೆಟ್ಟು ಬಿದ್ದಿದ್ದರೆ ಎಲ್ಲರೂ ಬೇಗ ಕಲಿತುಬಿಡುತ್ತಿದ್ದರು. ಬೆಟ್ಟ ಹಾಗೆ ಮಾಡುವುದಿಲ್ಲ. ಹತ್ತು ಸಲ ಬಿಟ್ಟುಕೊಟ್ಟು, ಆ ಹತ್ತನ್ನೂ ನಾವು ನಮ್ಮ ಅನುಭವದ ಖಾತೆಗೆ ಬರೆದುಕೊಂಡು, ಮುಂದಿನ ತಂಡಕ್ಕೆ ಮುಂದಾಳುಗಳಾದ ಮೇಲೆ ಹನ್ನೊಂದನೆಯ ಸಲ ಲೆಕ್ಕ ಕೇಳುತ್ತದೆ. ಆ ಮುಂದಾಳು ಅಂದು ಕಲಿತ ಪಾಠ ಯಾವುದಿರಬಹುದು? ಹಿಂತಿರುಗಿದ ನಮಗಾದರೂ ನಮ್ಮ ನಿರ್ಧಾರ ಸರಿಯೆಂಬುದಕ್ಕೆ ಪುರಾವೆ ಸಿಗಲಿಲ್ಲ, ಸಿಗುವುದೂ ಇಲ್ಲ. ಹಿಂತಿರುಗಿದವನಿಗೆ ತೋರಿಸಲು ಚಿತ್ರವಿಲ್ಲ, ಹೇಳಲು ಕಥೆಯಿಲ್ಲ.

ಕಥೆಯಿರುವ ಒಬ್ಬ ಮನುಷ್ಯನಿದ್ದ. ಸ್ವೀಡನ್ನಿನ ಯೊರಾನ್ ಕ್ರೋಪ್ 1995ರ ಅಕ್ಟೋಬರಿನಲ್ಲಿ ತನ್ನ ದೇಶದಿಂದ ಸೈಕಲ್ ಏರಿ ಎವರೆಸ್ಟ್ ಕಡೆಗೆ ಹೊರಟ. ತಿಂಗಳುಗಟ್ಟಲೆ ತುಳಿದು ನೇಪಾಳ ತಲುಪಿ, 1996ರ ಮೇ 3ರಂದು ತುದಿಗೆ ಇನ್ನು ಸುಮಾರು ನೂರು ಮೀಟರ್ ಇದೆ ಎನ್ನುವಾಗ ಹೊತ್ತಾಯಿತೆಂದು ಹಿಂತಿರುಗಿದ. ಖಂಡಾಂತರ ಸೈಕಲ್ ತುಳಿದು ಬಂದವನು! ಒಂದು ವಾರದ ಬಳಿಕ, ಮೇ 10ರಂದು, ಮಧ್ಯಾಹ್ನ ಎರಡರ ಗಡುವನ್ನು ಮೀರಿಯೂ ಮೇಲೇರುತ್ತಲೇ ಹೋದ ತಂಡಗಳು ಅದೇ ಶಿಖರದಲ್ಲಿ ಬಿರುಗಾಳಿಗೆ ಸಿಕ್ಕವು. ಎಂಟು ಮಂದಿ ಸತ್ತರು. ಅವರಲ್ಲಿ ಜಗತ್ತಿನ ಹೆಸರಾಂತ ಮಾರ್ಗದರ್ಶಕರೂ ಇದ್ದರು. ಕ್ರೋಪ್ ಮೇ 23ರಂದು ಮತ್ತೆ ಹತ್ತಿ ತುದಿ ಮುಟ್ಟಿದ. ಅವನಿಗೆ ಸೋಮವಾರ ಬೆಳಗ್ಗೆ ಕಚೇರಿ ಇರಲಿಲ್ಲ ಎನ್ನಬಹುದು. ನಿಜ. ನನ್ನ ವಾದವೂ ಅದೇ ಆಗಿದೆ.

ಅನುಭವವೊಂದೇ ಎಲ್ಲವನ್ನೂ ಕಾಯುವುದಿಲ್ಲ ಎಂಬುದನ್ನು ಕನ್ನಡಿಗರಿಗೆ ಯಾರೂ ಹೇಳಬೇಕಾಗಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಉತ್ತರಕಾಶಿ ಭಾಗದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ 22 ಜನರ ತಂಡ ನಾಲ್ಕು ಸಾವಿರ ಮೀಟರ್‌ಗೂ ಮಿಕ್ಕ ಎತ್ತರದಲ್ಲಿ ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಆ ತಂಡದಲ್ಲಿ ಬೆಟ್ಟದ ಅನುಭವ ಇದ್ದವರೂ ಇದ್ದರು. ಉಳಿದ ಹದಿಮೂವರನ್ನು ಕಾಪಾಡಲು ವಾಯುಪಡೆಯ ಹೆಲಿಕಾಪ್ಟರುಗಳು ಹಾರಬೇಕಾಯಿತು. ಆ ದುರಂತದ ಬಗ್ಗೆ ಇಲ್ಲಿ ಕುಳಿತು ತೀರ್ಪು ಕೊಡುವ ಹಕ್ಕು ನನಗಿಲ್ಲ. ಅಲ್ಲಿ ಹೆಲಿಕಾಪ್ಟರ್ ಇತ್ತು ಎಂಬುದನ್ನು ಮಾತ್ರ ಗಮನಿಸಬೇಕು. ಶೇಷ ಪರ್ವತದಲ್ಲಿ ಒಬ್ಬನ ಕಾಲು ಮುರಿದರೆ ಮೊಬೈಲ್ ಸಂಕೇತವೂ ನೆಚ್ಚುವಂತಿಲ್ಲ. ಬರುವವರು ಕೆಳಗಿನ ಹಳ್ಳಿಯ ನಾಲ್ಕಾರು ಹುಡುಗರು, ಇಬ್ಬರು ಅರಣ್ಯ ವೀಕ್ಷಕರು; ಮಳೆಯಲ್ಲಿ, ಕತ್ತಲಲ್ಲಿ, ಬೊಂಬಿಗೆ ಕಟ್ಟಿದ ಕಂಬಳಿಯಲ್ಲಿ ಹೊತ್ತು ಇಳಿಸುವವರು ಅವರೇ. ಅವರ ಮನೆಯವರು ಆ ರಾತ್ರಿ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ನಮ್ಮ ಸಾಹಸದ ಲೆಕ್ಕಪತ್ರದಲ್ಲಿ ಈ ಬಾಬತ್ತು ಎಲ್ಲಿಯೂ ಕಾಣುವುದಿಲ್ಲ.

ಸರ್ಕಾರಕ್ಕೆ ಈ ಸಮಸ್ಯೆ ಕಂಡದ್ದು ಬೇರೊಂದು ರೂಪದಲ್ಲಿ. 2024ರ ಗಣರಾಜ್ಯೋತ್ಸವ ಶುಕ್ರವಾರ ಬಂದು ಮೂರು ದಿನದ ರಜೆ ಒದಗಿದಾಗ ಸಾವಿರಾರು ಮಂದಿ ಒಮ್ಮೆಗೇ ಕುಮಾರ ಪರ್ವತಕ್ಕೆ ಧಾವಿಸಿದರು. ಜಾತ್ರೆಯಂತೆ ಜನ ಕಿಕ್ಕಿರಿದ ಆ ಚಿತ್ರಗಳನ್ನು ಓದುಗರು ಮರೆತಿರಲಾರರು. ಆ ಬಳಿಕ ಚಾರಣಕ್ಕೆ ತಾತ್ಕಾಲಿಕ ತಡೆ ಬಿತ್ತು. ಅದೇ ವರ್ಷ 'ಅರಣ್ಯ ವಿಹಾರ' ಎಂಬ ಜಾಲತಾಣದ ಮೂಲಕ ಮುಂಗಡ ಟಿಕೆಟ್ ವ್ಯವಸ್ಥೆ ಜಾರಿಗೆ ಬಂದು, ಒಂದು ಚಾರಣಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ನಿಗದಿಯಾಯಿತು. ಕಾಡಿನ ದೃಷ್ಟಿಯಿಂದ ಇದು ಸರಿಯಾದ ಕ್ರಮ. ಆದರೆ ಚಾರಣಿಗನ ಮನಸ್ಸಿನ ಮೇಲೆ ಇದರ ಪರಿಣಾಮವನ್ನು ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ಮೊದಲು ಬೆಟ್ಟ ಬೇಕೆಂದಾಗ ಹೋಗುವ ಜಾಗವಾಗಿತ್ತು; ಈಗ ಅದು ಕಷ್ಟಪಟ್ಟು ಗಿಟ್ಟಿಸಿಕೊಂಡ ಸೀಟು. ಮುನ್ನೂರರಲ್ಲಿ ಒಬ್ಬನಾಗಿ ಹೆಸರು ಬಂದವನು ಮಳೆ ಬರಬಹುದೆಂಬ ಕಾರಣಕ್ಕೆ ಅದನ್ನು ಬಿಟ್ಟುಕೊಡುತ್ತಾನೆಯೇ? ಜನಸಂಖ್ಯೆಯ ಮಿತಿ ಬಂತು, ಆದರೆ ಹಿಂತಿರುಗುವುದು ಹಿಂದಿಗಿಂತ ದುಬಾರಿಯಾಯಿತು.

ಇನ್ನೊಂದು ಸರ್ಕಾರಿ ಮದ್ದು ನಿಷೇಧ. ಒಂದು ಕಡೆ ಯಾರೋ ಜಾರಿ ಬಿದ್ದರೆ ಮರುದಿನ ಆ ಸುತ್ತಲಿನ ಎಲ್ಲ ಜಲಪಾತ, ಬೆಟ್ಟಗಳಿಗೂ ಬೀಗ. ಆಳು ಮಳೆಗಾಲದಲ್ಲಿ ಇದು ಅನಿವಾರ್ಯವೇ ಇರಬಹುದು. ಆದರೆ ನಿಷೇಧವೊಂದೇ ವಿವೇಕವನ್ನು ಕಲಿಸಿದ ಉದಾಹರಣೆ ನನಗೆ ತಿಳಿಯದು. 2023ರ ಜುಲೈನಲ್ಲಿ ದೂಧ್‌ಸಾಗರಕ್ಕೆ ಹಳಿಯಗುಂಟ ಹೊರಟವರಿಗೆ ರೈಲ್ವೆ ಪೊಲೀಸರು ಅಲ್ಲೇ ಬಸ್ಕಿ ಹೊಡೆಸಿದ ಸುದ್ದಿ ನಗೆಗೆ ಆಹಾರವಾಯಿತೇ ಹೊರತು ಅದರಿಂದ ಯಾರಾದರೂ ಮೋಡ ನೋಡುವುದನ್ನು ಕಲಿತರೆಂದು ನಂಬಲಾರೆ.

ಹಾಗಾದರೆ ಏನು ಮಾಡಬೇಕು? ಮಾಡಬೇಕಾದದ್ದು ದೊಡ್ಡದೇನಲ್ಲ. ಹಿಂತಿರುಗುವುದನ್ನು ಅಗ್ಗ ಮಾಡಬೇಕು. ಹವಾಮಾನದ ಕಾರಣಕ್ಕೆ ಬೆಟ್ಟ ಏರದವನಿಗೆ, ಅರ್ಧದಿಂದ ಮರಳಿದವನಿಗೂ ಸೇರಿ, ಅದೇ ಹಂಗಾಮಿನಲ್ಲಿ ಇನ್ನೊಂದು ದಿನ ಬರುವ ಹಕ್ಕು ಟಿಕೆಟ್ಟಿನ ಮೇಲೆಯೇ ಅಚ್ಚಾಗಿರಲಿ. ಅದನ್ನು ದೃಢೀಕರಿಸಲು ಠಾಣೆಯ ಕಾವಲುಗಾರರ ಒಂದು ಸಹಿ ಸಾಕು. ಹೀಗೆ ಮಾಡಿದರೆ ಕಲ್ಲು ಮಂಟಪದಲ್ಲಿ ನಾನು ಹೂಡಿದ ವಾದಗಳಲ್ಲಿ ಅರ್ಧದಷ್ಟು ಬಿದ್ದುಹೋಗುತ್ತವೆ. ಕಾವಲುಗಾರರ ಮಾತಿಗೆ ಸಲಹೆಯ ಬದಲು ಆಜ್ಞೆಯ ಬಲ ಬರಬೇಕು. ಅದಕ್ಕೆ ಬೇಕಾದ ಮಾಹಿತಿ ಇಲ್ಲದೇ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳ ಜಾಲವನ್ನು ಹೊಂದಿದೆ, 'ಸಿಡಿಲು' ಎಂಬ ಹೆಸರಿನ ಎಚ್ಚರಿಕೆಯ ತಂತ್ರಾಂಶವನ್ನೂ ರೂಪಿಸಿದೆ. ಇಷ್ಟೆಲ್ಲ ಮಾಡಿದ ರಾಜ್ಯದಲ್ಲಿ ಚಾರಣದ ಠಾಣೆಯ ಮುಂದೆ ಆ ದಿನದ ಎಚ್ಚರಿಕೆಯನ್ನು ಸುಣ್ಣದ ಕಡ್ಡಿಯಲ್ಲಿ ಬರೆದ ಒಂದು ಕರಿಹಲಗೆ ಇರಬಾರದೇ? ಜತೆಗೆ ಒಂದು ಗಡುವು: ಇಷ್ಟು ಗಂಟೆಗೆ ಮಂಟಪ ದಾಟದವನು ಮುಂದೆ ಹೋಗುವಂತಿಲ್ಲ. ಈ ಗಂಟೆ ಜನವರಿಗೆ ಒಂದು, ಅಕ್ಟೋಬರಿಗೆ ಒಂದು. ನಮ್ಮ ನಿಯಮಗಳು ಋತುವನ್ನು ತೆರೆದ ಬಾಗಿಲು, ಮುಚ್ಚಿದ ಬಾಗಿಲು ಎಂದು ಎರಡೇ ಬಗೆಯಾಗಿ ನೋಡುತ್ತವೆ. ಅರೆತೆರೆದ ಬಾಗಿಲಿನ ತಿಂಗಳುಗಳಿಗೆ ನಮ್ಮಲ್ಲಿ ನಿಯಮವೇ ಇಲ್ಲ.

ಚಾರಣ ಏರ್ಪಡಿಸುವ ಸಂಸ್ಥೆಗಳ ಪಾತ್ರವೂ ಸಣ್ಣದಲ್ಲ. ಮುಂದಾಳುಗಳಾಗಿ ಹೋಗುವ ಹುಡುಗರ ಮೇಲೆ ತುದಿ ಮುಟ್ಟಿಸಲೇಬೇಕೆಂಬ ಒತ್ತಡ ಇರುತ್ತದೆ. ಹಿಂತಿರುಗಿಸಿದರೆ ಹಣ ಕೊಟ್ಟವರು ದೂರುತ್ತಾರೆ. ಆ ಹುಡುಗನನ್ನು ನಾನು ದೂರಲಾರೆ. ಅವನಿಗೆ ಸಂಬಳ ಕೊಡುವವರು 'ನೀನು ಹಿಂತಿರುಗಿದರೆ ನಿನ್ನ ಪರವಾಗಿ ನಾವಿದ್ದೇವೆ' ಎಂದು ಬರೆದುಕೊಟ್ಟಿದ್ದರೆ ಅವನು ಮಂಟಪದಲ್ಲಿ ನಮ್ಮೊಂದಿಗೆ ಕುಳಿತು ಮೋಡ ನೋಡುತ್ತಿದ್ದನೇನೋ.

ದಿನ ನಿಗದಿ ಮಾಡಿಕೊಂಡು ಬೆಟ್ಟ ಹತ್ತುವುದು ಹೊಸತೇನಲ್ಲ ಎಂದು ಕೆಲವರು ಹೇಳಬಹುದು. ಚಿಕ್ಕಮಗಳೂರಿನ ಬಿಂಡಿಗದ ದೇವಿರಮ್ಮನ ಬೆಟ್ಟವನ್ನು ಭಕ್ತರು ಹತ್ತುವುದು ದೀಪಾವಳಿಯ ಸಮಯದಲ್ಲಿ, ಮಳೆ ಬರಲಿ ಬಿಡಲಿ. ಒಪ್ಪುತ್ತೇನೆ. 2024ರಲ್ಲಿ ಮಳೆಗೆ ನೆನೆದ ಆ ಬೆಟ್ಟದಲ್ಲಿ ಹಲವರು ಜಾರಿಬಿದ್ದು ಗಾಯಗೊಂಡರು ಎಂಬುದನ್ನೂ ನೆನಪಿಡಬೇಕು. ಆದರೆ ಅಲ್ಲಿ ದಾರಿಯುದ್ದಕ್ಕೂ ಸುತ್ತಲಿನ ಊರಿನ ಜನ ಇರುತ್ತಾರೆ, ಆಡಳಿತ ಕೆಳಗೆ ಕಾದಿರುತ್ತದೆ, ಹರಕೆಗೆ ದಿನವೇ ಮುಖ್ಯ. ನಮ್ಮ ಶನಿವಾರಕ್ಕೆ ಅಂಥ ಯಾವ ಪಾವಿತ್ರ್ಯವಿದೆ? ಅದು ಕಚೇರಿಯವರು ಬಿಟ್ಟುಕೊಟ್ಟ ದಿನ, ಅಷ್ಟೆ. ಹಾಗೆ ನೋಡಿದರೆ ವರ್ಷದ ಎರಡು ರಜೆಗಳನ್ನು ಮೊದಲೇ ದಿನ ಹೇಳದೆ, ಹಿಂದಿನ ಸಂಜೆ ತಿಳಿಸಿ ತೆಗೆದುಕೊಳ್ಳಬಹುದು ಎಂಬ ಅವಕಾಶ ಕೊಟ್ಟರೆ ಯಾವ ಕಂಪನಿಯೂ ಮುಳುಗುವುದಿಲ್ಲ.

ಕುಮಾರ ಪರ್ವತದ ತುದಿಯನ್ನು ನಾನು ಇನ್ನೂ ಮುಟ್ಟಿಲ್ಲ. ಆ ದಿನ ಮೊದಲು ಹಿಂತಿರುಗಿದ ಗೆಳೆಯನೊಂದಿಗೆ ಈ ಸಲ ಮತ್ತೆ ಹೊರಡುವ ಯೋಚನೆಯಿದೆ. ಚಿತ್ತೆ, ಸ್ವಾತಿ ಎರಡೂ ಕಳೆದು, ಬೆಳಗಿನ ಇಬ್ಬನಿ ಗಟ್ಟಿಯಾದ ಮೇಲೆ, ವಾರದ ನಡುವೆ, ಕುಕ್ಕೆಯಲ್ಲಿ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಡಿಸೆಂಬರಿನಲ್ಲಿ ಯಾವುದಾದರೂ ಎರಡು ದಿನ ರಜೆ ಬೇಕು, ಯಾವ ದಿನವೆಂದು ಈಗಲೇ ಹೇಳಲಾರೆ ಎಂದು ಅರ್ಜಿ ಬರೆದು ಕೊಟ್ಟೆ. ದಿನಾಂಕ ನಮೂದಿಸಿಲ್ಲ ಎಂಬ ಷರಾದೊಂದಿಗೆ ಅದು ಮರಳಿ ಬಂದು ಈಗ ನನ್ನ ಮೇಜಿನ ಮೇಲಿದೆ.